ಕೊನೇ ಸಾಲು ಬೇಡ ಮಾರಾಯ್ರೇ, ಮೊದಲನೇ ಎರರ್ ತೋರಿಸಿ

ಈಗಷ್ಟೇ ಇನ್ನೊಂದು ಫೋಟೊ ಬಂತು. ಮಾನಿಟರಿಗೆ ಮೊಬೈಲ್ ಹಿಡಿದು ಓರೆಯಾಗಿ ತೆಗೆದದ್ದು, ಟ್ಯೂಬ್‌ಲೈಟಿನ ಪ್ರತಿಬಿಂಬ ಸಮೇತ. ಓದೋಕಾಗ್ತಿರೋದು ಒಂದೇ ಸಾಲು: "ಮೇಕ್: *** ಎರರ್ 2". ಕೆಳಗೆ ಪ್ರಶ್ನೆ: "ಸರ್, ಟೆಸರಾಕ್ಟ್ ಬಿಲ್ಡ್ ಆಗ್ತಿಲ್ಲ, ಏನ್ ಮಾಡ್ಲಿ?"

ಟೆಸರಾಕ್ಟ್ ಅಂದ್ರೆ ಚಿತ್ರದಲ್ಲಿರೋ ಅಕ್ಷರಗಳನ್ನು ಓದಿ ಪಠ್ಯವಾಗಿಸೋ ತಂತ್ರಾಂಶ. ಅದರ ಮೂಲ ಕೋಡಿನಿಂದ ಓಡೋ ಪ್ರೋಗ್ರಾಂ ಕಟ್ಟೋದೇ ಬಿಲ್ಡ್, ಆ ಕೆಲಸ ಮಾಡಿಸೋ ಕಮಾಂಡ್ ಮೇಕ್. ಉತ್ತರ? ಮೇಲಕ್ಕೆ ಸ್ಕ್ರೋಲ್ ಮಾಡಿ, ಇನ್ನೇನು!

"ಎರರ್ 2" ಅನ್ನೋದು ರೋಗದ ಹೆಸರಲ್ಲ. ಒಳಗೆಲ್ಲೋ ಕೆಟ್ಟಿದೆ, ನನ್ನ ಕೈಲಾಗಲ್ಲ ಅಂತ ಮೇಕ್ ಕೈಚೆಲ್ಲಿದ್ದು ಅಷ್ಟೆ. ಅಸಲಿ ಕಾರಣ ಎಷ್ಟೋ ಸಾಲು ಮೇಲೆ, "ಎರರ್:" ಅಂತ ಮೊಟ್ಟಮೊದಲು ಕಂಡ ಕಡೆ ಇರುತ್ತೆ. ಆಮೇಲಿನವು ಬಹುಪಾಲು ಅದರದೇ ಸಂತಾನ. ಒಟ್ಟಿಗೇ ಎಂಟು ಕೆಲಸ ಓಡಿಸು ಅಂತ ಮೇಕ್ -ಜೆ8 ಕೊಟ್ಟಿದ್ರಂತೂ ಆ ಎಂಟರ ಔಟ್‌ಪುಟ್ ಕಲಸುಮೇಲೋಗರ. ಇನ್ನೊಮ್ಮೆ "ಮೇಕ್ 2>&1 | ಟೀ ಬಿಲ್ಡ್.ಲಾಗ್" ಅಂತ ಓಡಿಸಿ. ಆಗಲೇ ಕಂಪೈಲ್ ಆದದ್ದನ್ನು ಅದು ಮತ್ತೆ ಮುಟ್ಟಲ್ಲ, ಎಡವಿದ ಜಾಗಕ್ಕೆ ಬೇಗ ಬಂದು ನಿಲ್ಲುತ್ತೆ, ಹೇಳಿದ್ದೆಲ್ಲ ಫೈಲಲ್ಲೂ ಉಳಿಯುತ್ತೆ. ಆ ಫೈಲ್ ಕಳಿಸಿ. ಫೋಟೊ ಅಲ್ಲ.

ಹಳೇ ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿ ಪಠ್ಯಕ್ಕೆ ಇಳಿಸೋ ಆಸೆಯಿಂದ ಟೆಸರಾಕ್ಟ್‌ಗೆ ಕೈಹಾಕ್ತಾರೆ, ಒಳ್ಳೇದೇ. ಮೇಕ್‌ಗೆ ಮುಂಚೆ, ಬೇಕಾದ್ದೆಲ್ಲ ಇದೆಯಾ ಅಂತ ನೋಡೋ ./ಕಾನ್ಫಿಗರ್ ಓಡಿಸಿದಾಗ "ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಮೇಲಿನದು ಬೇಕು" ಅಂತ ಬಂದರೆ (ಲೆಪ್ಟೋನಿಕಾ ಅಂದ್ರೆ ಚಿತ್ರ ಸಂಸ್ಕರಿಸೋಕೆ ಟೆಸರಾಕ್ಟ್ ಬಳಸೋ ಲೈಬ್ರರಿ) ಶುರು ವಾದ: "ಲೆಪ್ಟೋನಿಕಾ ಇದೆ ಸರ್, ನೋಡಿದೆ!" ಇದೆ ಸ್ವಾಮಿ, ಓಡಿಸೋಕೆ ಬೇಕಾದ .ಎಸ್‌ಒ ಅನ್ನೋ ಲೈಬ್ರರಿ ಫೈಲ್ ಇದೆ. ಬಿಲ್ಡ್ ಮಾಡೋಕೆ ಆ ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರಿಗೆ ಹೇಳೋ ಹೆಡರ್ ಫೈಲುಗಳು ಬೇಕು, ಲೈಬ್ರರಿ ಎಲ್ಲಿದೆ ಅಂತ ತಿಳಿಸೋ ಪಿಕೆಜಿ-ಕಾನ್ಫಿಗ್ ಹುಡುಕೋ .ಪಿಸಿ ಫೈಲ್ ಬೇಕು. ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಅವು ಬೇರೆ ಪ್ಯಾಕೇಜಲ್ಲಿರ್ತವೆ: ಲಿಬ್‌ಲೆಪ್ಟೋನಿಕಾ-ಡೆವ್. ಫೆಡೋರಾದಲ್ಲಾದ್ರೆ ಲೆಪ್ಟೋನಿಕಾ-ಡೆವೆಲ್. ತಮಾಷೆ ಏನಂದ್ರೆ, ಉಬುಂಟುವಿನ ಈ ಹೆಸರು ಆ ಎರರ್ ಸಾಲಿನಲ್ಲೇ ಬರೆದಿರುತ್ತೆ! ಹಾಕಿದ ಮೇಲೆ ./ಕಾನ್ಫಿಗರ್ ಮತ್ತೆ ಓಡಿಸಬೇಕು. ಅದನ್ನು ಬಿಟ್ಟು ನೇರ ಮೇಕ್‌ಗೆ ಹಾರಿ "ಈಗಲೂ ಆಗ್ತಿಲ್ಲ" ಅನ್ನೋರಿಗೆ ನಾನೇನು ಹೇಳಲಿ.

"ಎರರೆಲ್ಲ ಇಂಗ್ಲಿಷಲ್ಲಿರುತ್ತೆ, ನಮಗೆ ಹೇಗೆ ಅರ್ಥವಾಗಬೇಕು" ಅಂತೀರಿ. ಸ್ವಲ್ಪ ನ್ಯಾಯ ಇದೆ, ಒಪ್ಪಿದೆ. ಆದರೆ "ಜೆಡ್‌ಲಿಬ್.ಎಚ್: ನೋ ಸಚ್ ಫೈಲ್" ಅಂತ ಬಂದಾಗ ಬೇಕಾಗಿರೋದು ಇಂಗ್ಲಿಷಲ್ಲ, ಆ ಫೈಲಿನ ಹೆಸರನ್ನು ಕಾಪಿ ಮಾಡೋ ತಾಳ್ಮೆ. ಉಬುಂಟುವಿನಲ್ಲಿ ಆಪ್ಟ್-ಫೈಲ್ ಸರ್ಚ್, ಫೆಡೋರಾದಲ್ಲಿ ಡಿಎನ್‌ಎಫ್ ಪ್ರೊವೈಡ್ಸ್. ಅದು ಯಾವ ಪ್ಯಾಕೇಜಲ್ಲಿದೆ ಅಂತ ಅವೇ ಹೇಳ್ತವೆ. ಕಾನ್ಫಿಗರ್ ಹಂತದಲ್ಲೇ ಕೆಟ್ಟರೆ ಅದೇ ಫೋಲ್ಡರಿನ ಕಾನ್ಫಿಗ್.ಲಾಗ್ ತೆರೆದು ನೋಡಿ. "ಸಿಸಿ1ಪ್ಲಸ್ ಕಿಲ್ಡ್" (ಸಿ++ ಕಂಪೈಲರ್ ಸತ್ತಿದೆ) ಅಂತ ಬಂದರೆ ಸಾಮಾನ್ಯವಾಗಿ ರ‍್ಯಾಮ್ ಸಾಲದೇ ಲಿನಕ್ಸಿನ ತಿರುಳಾದ ಕರ್ನೆಲ್ ಅದನ್ನು ಕೊಂದಿದೆ ಅಂತ, -ಜೆ2ಕ್ಕೆ ಇಳಿಸಿ. ಕೋಡನ್ನು ಬೈಬೇಡಿ.

ಬಿಲ್ಡ್ ಆಯ್ತು, ಸುಡೋ ಮೇಕ್ ಇನ್‌ಸ್ಟಾಲ್ ಕೂಡ ಆಯ್ತು, ಓಡಿಸಿದ್ರೆ "ಲಿಬ್‌ಟೆಸರಾಕ್ಟ್.ಎಸ್‌ಒ.5 ತೆರೆಯಲಾಗ್ತಿಲ್ಲ" ಅನ್ನುತ್ತೆ. ಉಬುಂಟುವಿನಲ್ಲಾದ್ರೆ ಸುಡೋ ಎಲ್‌ಡಿಕಾನ್ಫಿಗ್ ಓಡಿಸಿ, ಹೊಸ ಲೈಬ್ರರಿ ಸಿಸ್ಟಮ್ಮಿಗೆ ಗೊತ್ತಾಗುತ್ತೆ, ಮುಗೀತು. ಆದ್ರೆ ಯಾವುದೋ ವಿಡಿಯೊ ನೋಡಿ ಸಿಕ್ಕ ಲೈಬ್ರರಿಗೆಲ್ಲ ಸಿಮ್‌ಲಿಂಕ್ (ಫೈಲಿಗೆ ಅಡ್ಡದಾರಿ) ಹೊಡೀತಾರೆ, ಇಡೀ ಫೋಲ್ಡರಿಗೆ 777, ಅಂದ್ರೆ ಯಾರು ಬೇಕಾದ್ರೂ ತಿದ್ದೋ ಅನುಮತಿ, ಕೊಡ್ತಾರೆ. ಜ್ವರಕ್ಕೆ ಚಪ್ಪಲಿ ಬದಲಾಯಿಸಿದ ಹಾಗೆ! ಅದಾದ ಮೇಲೂ ಭಾಷೆ ಆರಿಸೋಕೆ "-ಎಲ್ ಕೆಎಎನ್" ಕೊಟ್ಟಾಗ ಕನ್ನಡ ಲೋಡ್ ಆಗದಿದ್ರೆ ಗಾಬರಿ ಬೇಡ. ಉಬುಂಟುವಿನಲ್ಲಿ ಪ್ಯಾಕೇಜ್ ಇಳಿಸೋ ಆಪ್ಟ್ ಹಾಕಿದ ಕನ್ನಡ ಡೇಟಾ /ಯುಎಸ್‌ಆರ್/ಶೇರ್ ಕೆಳಗಿದೆ, ನೀವು ಕಟ್ಟಿದ್ದು ಹುಡುಕ್ತಿರೋದು /ಯುಎಸ್‌ಆರ್/ಲೋಕಲ್/ಶೇರ್/ಟೆಸ್‌ಡೇಟಾದಲ್ಲಿ. ಕೆಎಎನ್.ಟ್ರೇನ್ಡ್‌ಡೇಟಾ ಫೈಲನ್ನು ಅಲ್ಲಿಗೆ ಕಾಪಿ ಮಾಡಿ. ಯಾವ ಜಾಗದಲ್ಲಿ ಹುಡುಕ್ತಿದೆ ಅನ್ನೋದೂ ಎರರಲ್ಲೇ ಇದೆ. ಮೊದಲನೇ ಸಾಲಿನಲ್ಲಿ.