ಹೆಸರಿಟ್ಟವರು ಯಾರು ಸ್ವಾಮಿ?

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನು ಬಂಧುಬಳಗದವರು ಕರೆಯುತ್ತಿದ್ದದ್ದು ‘ಚಿಮ್ಮ’ ಅಂತ. ಸೇನೆ ಸೇರಿದ ಮೇಲೆ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿಗೆ ಕಾರ್ಯಪ್ಪ ಅನ್ನೋದು ನಾಲಿಗೆಯಲ್ಲಿ ಹೊರಳಲಿಲ್ಲ, ‘ಕಿಪ್ಪರ್’ ಅಂದುಬಿಟ್ಟರು. ಅದೇ ಅಂಟಿಕೊಂಡಿತು. 1949ರ ಜನವರಿ 15ರಂದು ಭಾರತದ ಸೇನೆಗೆ ಮುಖ್ಯಸ್ಥರಾದ ಮೊದಲ ಭಾರತೀಯ, ಮನೆಯಲ್ಲಿ ಚಿಮ್ಮ, ಮೆಸ್ಸಿನಲ್ಲಿ ಕಿಪ್ಪರ್. ಈಗ ಯಾರಾದರೂ ಒಂದು ಕಾದಂಬರಿ ಬರೆದು ಅದರ ಸೇನಾಪತಿಗೆ ಚಿಮ್ಮ ಅಂತ ಹೆಸರಿಡಲಿ ನೋಡೋಣ. ‘ಇದೇನು, ಕಾಮಿಡಿ ಪಾತ್ರವಾ?’ ಅಂತ ಮೊದಲು ಕೇಳುವವರು ನಾವೇ.

ಕಥೆಗಳಲ್ಲಿ ಬರುವ ವಿಚಿತ್ರ ಹೆಸರುಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಹುಚ್ಚು. ಕೆಲವು ಹೆಸರು ಕೇಳಿದರೆ ವರ್ಷಗಟ್ಟಲೆ ಆದಮೇಲೂ ನಗು ಬರುತ್ತದೆ. ಕೆಲವಕ್ಕೆ ಎರಡನೇ ಪುಟದಲ್ಲೇ ತಲೆನೋವು. ವ್ಯತ್ಯಾಸ ಎಲ್ಲಿದೆ ಅಂತ ಯೋಚಿಸಿದರೆ ನನಗೆ ಕಾಣುವುದು ಇಷ್ಟು: ಆ ಹೆಸರನ್ನು ಕಥೆಯೊಳಗೇ ಯಾರೋ ಇಟ್ಟಿರಬೇಕು. ಅಪ್ಪ, ಅಜ್ಜಿ, ಶಾಲೆಯ ಹುಡುಗರು, ತೋಟದ ಮೇಸ್ತ್ರಿ, ಸಂತೆಯ ಜನ, ಯಾರಾದರೂ ಸರಿ. ಬರೆಯುವವರು ಮೇಲಿಂದ ಕೈ ಚಾಚಿ ಅಂಟಿಸಿದ್ದು ಅಂತ ಗೊತ್ತಾಯಿತೋ, ನಗು ಅಲ್ಲಿಗೆ ಮುಗಿಯಿತು. ಟೀವಿ ಧಾರಾವಾಹಿಗಳಲ್ಲಿ ದಪ್ಪಗಿರುವ ಮನೆಕೆಲಸದವನಿಗೆ ಒಂದು ತಿಂಡಿಯ ಹೆಸರು ಇಡ್ತಾರಲ್ಲ, ಆ ಜಾತಿಯದು. ಅವನ ಹೆತ್ತವರು ಅವನಿಗೆ ಯಾಕೆ ಹಾಗೆ ಹೆಸರಿಟ್ಟರು ಅಂತ ಯಾರೂ ಕೇಳುವುದಿಲ್ಲ. ಅವನಿಗೆ ಹೆತ್ತವರೇ ಇಲ್ಲ, ಬರೀ ಸಂಭಾಷಣೆ ಬರೆದವರಿದ್ದಾರೆ.

ನಮ್ಮ ಕೊಡಗಿನಲ್ಲಂತೂ ಅಡ್ಡಹೆಸರು ಇಲ್ಲದೆ ದಿನ ಸಾಗುವುದಿಲ್ಲ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಹೋದವರಿಗೆ ಇದು ಗೊತ್ತು. ತಂಡದ ಎಲ್ಲರದೂ ಒಂದೇ ಮನೆ ಹೆಸರು. ಉಳಿದದ್ದು ಪೊನ್ನಪ್ಪ, ಬೋಪಣ್ಣ, ಅಯ್ಯಪ್ಪ, ಮುತ್ತಣ್ಣ. ಒಂದೇ ತಂಡದಲ್ಲಿ ಇಬ್ಬರು ಪೊನ್ನಪ್ಪ ಇದ್ದರೆ ಮೈಕ್ ಹಿಡಿದವರ ಪಾಡು ಕೇಳಬೇಡಿ. ‘ಪೊನ್ನಪ್ಪನಿಂದ ಪೊನ್ನಪ್ಪನಿಗೆ ಪಾಸ್’. ಗ್ಯಾಲರಿಯಲ್ಲಿ ಕೂತ ನೆಂಟರಿಷ್ಟರಿಗೆ ಮಾತ್ರ ಗೊಂದಲವೇ ಇಲ್ಲ. ಅವರು ಅಡ್ಡಹೆಸರು ಹಿಡಿದೇ ಕೂಗುತ್ತಿರುತ್ತಾರೆ.

ಸಿದ್ದಾಪುರದ ಕಡೆ ನನ್ನ ಸೋದರಮಾವನ ಕಾಫಿ ತೋಟ ಇದೆ. ಅಲ್ಲಿ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ಇಟ್ಟಿರುವ ಚೆಕ್‌ರೋಲ್ ಅನ್ನುವ ಕೆಲಸಗಾರರ ಹಾಜರಿ ಪುಸ್ತಕ ನೋಡಬೇಕು ನೀವು. ಕೆಲಸಗಾರರ ಲೈನ್ ಮನೆಗಳಲ್ಲಿ ಬೊಳ್ಳ ಅನ್ನುವವರು ಮೂವರು. ಒಬ್ಬ ಪಂಪು ಬೊಳ್ಳ. ಫೆಬ್ರವರಿ-ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಕೆರೆ ಪಕ್ಕ ರಾತ್ರಿಯೆಲ್ಲ ಕೂತು ಪಂಪು ಕಾಯುವವನು ಅವನು. ಇನ್ನೊಬ್ಬ ಆನೆ ಬೊಳ್ಳ. ಮೈಕಟ್ಟು ನೋಡಿ ಇಟ್ಟ ಹೆಸರಲ್ಲ ಅದು, ಆಸಾಮಿ ಕಡ್ಡಿ. ಆನೆ ಅಟ್ಟಿಸಿಕೊಂಡು ಬಂದಾಗ ಸಿಕ್ಕ ಮರ ಹತ್ತಿ ಬೆಳಗಿನವರೆಗೂ ಇಳಿಯದೆ ಕೂತವನು. ಅದೂ ಹಣ್ಣು ಬಿಟ್ಟ ಹಲಸಿನ ಮರ! ಮೂರನೆಯವನ ವಿಷಯದಲ್ಲಿ ರೈಟರಿಗೆ ಏನೂ ಹೊಳೆಯಲಿಲ್ಲ ಅಂತ ಕಾಣುತ್ತದೆ. ಪುಸ್ತಕದಲ್ಲಿ ಚೊಕ್ಕ ಅಕ್ಷರದಲ್ಲಿ ‘ಬೊಳ್ಳ, ಮತ್ತೊಬ್ಬ’ ಅಂತ ಬರೆದಿದ್ದಾರೆ. ಬಟವಾಡೆ ದಿನ ರೈಟರು ಕನ್ನಡಕ ಸರಿಮಾಡಿಕೊಂಡು, ಗಂಭೀರವಾಗಿ, ‘ಮತ್ತೊಬ್ಬಾ...’ ಅಂತ ಕೂಗುತ್ತಾರೆ. ಅವನು ಅಷ್ಟೇ ಗಂಭೀರವಾಗಿ ಬಂದು, ದುಡ್ಡು ಎಣಿಸಿಕೊಂಡು, ಸಹಿ ಹಾಕಿ ಹೋಗುತ್ತಾನೆ. ಸುತ್ತ ನಿಂತವರಲ್ಲಿ ಒಬ್ಬರೂ ನಗುವುದಿಲ್ಲ.

ಆ ನಗದೇ ಇರುವುದಿದೆಯಲ್ಲ, ಅದೇ ಇಡೀ ಗುಟ್ಟು. ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ನಾಯಿಗುತ್ತಿ ನೆನಪಿರುತ್ತಾನೆ. ಸದಾ ಜೊತೆಗಿರುವ ನಾಯಿಯಿಂದ ಬಂದ ಹೆಸರು. ಆ ನಾಯಿಯ ಹೆಸರೋ, ಹುಲಿಯ. ನಾಯಿಗೆ ಹುಲಿಯ ಹೆಸರು, ಮನುಷ್ಯನಿಗೆ ನಾಯಿಯ ಹೆಸರು! ಕುವೆಂಪು ಇದನ್ನು ನೋಡಿ ನಗಿ ಅಂತ ಎಲ್ಲೂ ಮೊಣಕೈಯಲ್ಲಿ ತಿವಿಯುವುದಿಲ್ಲ. ಊರವರು ಕರೆಯುತ್ತಾರೆ, ಅವನು ಓಗೊಡುತ್ತಾನೆ. ನೂರು ಪುಟ ದಾಟುವಷ್ಟರಲ್ಲಿ ಆ ಹೆಸರು ವಿಚಿತ್ರ ಅನ್ನೋದೇ ಮರೆತುಹೋಗಿರುತ್ತದೆ. ಕೊನೆಗೆ ತುಂಗೆಯ ಪ್ರವಾಹದಲ್ಲಿ ಹುಲಿಯ ಕೈಬಿಟ್ಟುಹೋದಾಗ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ತೇಜಸ್ವಿಯವರ ‘ಕರ್ವಾಲೊ’ ವಿಷಯಕ್ಕೆ ಬಂದರೆ ಕೊಡಗಿನವರಿಗೆ ಬೇರೆಯದೇ ಮಜಾ ಇದೆ. ಮೂಡಿಗೆರೆ ಕಡೆಯ ಕಥೆ ಅದು. ಆದರೆ ಅದರಲ್ಲಿ ಬರುವ ಮಂದಣ್ಣ ಅಂದರೆ ನಮಗೆ ನೆರೆಮನೆಯವನೇ. ಬೆಂಗಳೂರಿನ ಗೆಳತಿಯೊಬ್ಬಳು ಆ ಹೆಸರು ಕೇಳಿಯೇ ನಕ್ಕಳು, ಪೆದ್ದನಿಗೆ ಇಟ್ಟ ಹೆಸರು ಅಂದುಕೊಂಡಿದ್ದಳಂತೆ. ನಮ್ಮಲ್ಲಿ ಮಂದಣ್ಣ ಅನ್ನುವ ಹೆಸರಿನ ಡಾಕ್ಟರು, ವಕೀಲರು ಬೇಕಾದಷ್ಟು ಜನ ಸಿಗುತ್ತಾರೆ. ಇನ್ನು ಅದೇ ಕಾದಂಬರಿಯ ಬಿರಿಯಾನಿ ಕರಿಯಪ್ಪ. ಕೊಡಗಿನಲ್ಲಿ ಆ ಹೆಸರು ಕಿವಿಗೆ ಬಿದ್ದರೆ ಸಾಕು, ಫೀಲ್ಡ್ ಮಾರ್ಷಲ್ ನೆನಪಾಗಿ ಮೀಸೆ, ಪದಕ, ಸೆಲ್ಯೂಟು ಕಣ್ಣಿಗೆ ಬರುತ್ತದೆ. ಅಲ್ಲಿ ನೋಡಿದರೆ ಅವನು ಮರ ಹತ್ತುವುದರಲ್ಲಿ, ಬಿರಿಯಾನಿ ಮಾಡುವುದರಲ್ಲಿ ಎತ್ತಿದ ಕೈ. ನಮ್ಮೂರಿನವನಾಗಿದ್ದರೆ ನಮ್ಮ ಹಂದಿ ಸಾರಿನ ಹೆಸರು ಹೊತ್ತು ಪಂದಿಕರಿ ಕರಿಯಪ್ಪ ಆಗಿರುತ್ತಿದ್ದ, ಅಷ್ಟೇ.

ಹೊರಗಿನ ಸಾಹಿತ್ಯದಲ್ಲೂ ಇದೇ ಲೆಕ್ಕ ಅನ್ನಿಸುತ್ತದೆ. 1842ರಲ್ಲಿ ಬಂದ ಗೊಗೋಲನ ‘ಓವರ್‌ಕೋಟ್’ ಕಥೆಯ ಬಡ ಗುಮಾಸ್ತನ ಹೆಸರು ಅಕಾಕಿ ಅಕಾಕಿಯೆವಿಚ್. ರಷ್ಯನ್ನರ ಕಿವಿಗೂ ಅದು ವಿಚಿತ್ರವೇ. ಹೆಸರು ಹೇಗೆ ಬಂತು ಅಂತ ಗೊಗೋಲ್ ಕೂತು ವಿವರಿಸುತ್ತಾನೆ. ಮಗು ಹುಟ್ಟಿತು. ಪಂಚಾಂಗ ತೆಗೆದು ಆ ದಿನದ ಸಂತರ ಹೆಸರು ನೋಡಿದರು: ಮೋಕಿ, ಸೋಸಿ, ಖೋಜ್ದಜಾತ್. ತಾಯಿಗೆ ಹಿಡಿಸಲಿಲ್ಲ. ಬೇರೆ ಪುಟ ತಿರುವಿದರು: ತ್ರಿಫಿಲಿ, ದೂಲಾ, ವರಖಾಸಿ. ಇನ್ನೊಂದು ಪುಟದಲ್ಲಿ ಅದಕ್ಕಿಂತ ಘನವಾದವು. ಕೊನೆಗೆ ತಾಯಿ ಸೋತು, ಅಪ್ಪನ ಹೆಸರೇ ಇರಲಿ ಬಿಡಿ ಅಂದಳು. ಅಪ್ಪ ಅಕಾಕಿ, ಮಗನೂ ಅಕಾಕಿ. ನಕ್ಕು ಮುಗಿಸುವಷ್ಟರಲ್ಲಿ ಗೊತ್ತಾಗುತ್ತದೆ, ಈ ಮನುಷ್ಯನಿಗೆ ಹುಟ್ಟಿದ ದಿನದಿಂದಲೇ ಬೇರೆ ಆಯ್ಕೆ ಇರಲಿಲ್ಲ ಅಂತ.

ನನ್ನ ಅಚ್ಚುಮೆಚ್ಚು ಮಾತ್ರ ಜೋಸೆಫ್ ಹೆಲ್ಲರ್ 1961ರ ‘ಕ್ಯಾಚ್-22’ರಲ್ಲಿ ತಂದ ಮೇಜರ್ ಮೇಜರ್ ಮೇಜರ್ ಮೇಜರ್. ಮನೆತನದ ಹೆಸರು ಮೇಜರ್. ಅಪ್ಪ ತಮಾಷೆಗೆ ಅಂತ ಹೆಂಡತಿಗೂ ಹೇಳದೆ ಮಗನ ಹೆಸರನ್ನೂ ಮೇಜರ್, ನಡುವಿನ ಹೆಸರನ್ನೂ ಮೇಜರ್ ಅಂತ ಬರೆಸಿಬಿಟ್ಟ. ಹುಡುಗ ದೊಡ್ಡವನಾಗಿ ಸೇನೆ ಸೇರಿದಾಗ ಯಂತ್ರವೊಂದು ಅವನಿಗೆ ಮೇಜರ್ ಹುದ್ದೆಯನ್ನೇ ದಯಪಾಲಿಸಿತು. ಮನೆಗೊಬ್ಬ ಮಿಲಿಟರಿಯವರಿರುವ ನಮ್ಮ ಜಿಲ್ಲೆಯಲ್ಲಿ ಈ ಜೋಕು ಬೇಗ ಅರ್ಥವಾಗುತ್ತದೆ. ಇಲ್ಲಿ ನಿವೃತ್ತಿಯಾದವರ ನಿಜವಾದ ಹೆಸರು ಎಷ್ಟೋ ಸಲ ಮದುವೆ ಕಾಗದದಲ್ಲಿ ಮಾತ್ರ ಕಾಣುವುದು. ಉಳಿದ ದಿನ ‘ಮೇಜರ್ ಇದ್ದಾರಾ?’, ‘ಕ್ಯಾಪ್ಟನ್ ಪೇಟೆಗೆ ಹೋಗಿದ್ದಾರೆ’, ಇಷ್ಟೇ.

ಡಿಕನ್ಸ್ ಕಥೆ ಬೇರೆ. ಅವನು ಮೇಲಿಂದಲೇ ಹೆಸರು ಸುರಿದವನು, ಆದರೂ ದಕ್ಕಿಸಿಕೊಂಡ. ನಿಜವಾದ ಜನರ ಪಟ್ಟಿಗಳಿಂದ ಹೆಸರು ಹೆಕ್ಕಿ ಟಿಪ್ಪಣಿ ಪುಸ್ತಕದಲ್ಲಿ ಕೂಡಿಟ್ಟುಕೊಂಡಿದ್ದನಂತೆ. ಅವನೊಂದು ಕಾದಂಬರಿಯ ನಾಯಕನಿಗೆ ಇಟ್ಟ ಪಿಕ್‌ವಿಕ್ ಅನ್ನೋದು ಇಂಗ್ಲೆಂಡಿನ ಬಾತ್ ಊರಿನ ಕೋಚ್ ಗಾಡಿಯ ಮಾಲೀಕನ ಹೆಸರು. ಕಾದಂಬರಿಯಲ್ಲೇ ಪಿಕ್‌ವಿಕ್‌ನ ಆಳು ಆ ಗಾಡಿ ಮೇಲಿನ ಹೆಸರು ನೋಡಿ, ನಮ್ಮ ಯಜಮಾನರಿಗೆ ಅವಮಾನ ಅಂತ ಕೆರಳುತ್ತಾನೆ. ಅಷ್ಟು ಧೈರ್ಯ ಇದ್ದರೆ ಏನು ಬೇಕಾದರೂ ಮಾಡಬಹುದು ಬಿಡಿ.

ಒಂದು ಮಾತು ಹೇಳಲೇಬೇಕು. ಬೊಳ್ಳ, ಗುತ್ತಿ, ಬೈರ ಅನ್ನುವ ಹೆಸರು ಕೇಳಿದ ಕೂಡಲೇ ನಗುವುದು ನನಗೆ ಸರಿಬರುವುದಿಲ್ಲ. ಯಾರದೋ ಮನೆಯಲ್ಲಿ ಪ್ರೀತಿಯಿಂದಲೇ ಇಟ್ಟ ಹೆಸರು ಅದು. ಅದರ ಹಿಂದೆ ‘ಅಪ್ಪ’, ‘ಅಯ್ಯ’ ಸೇರಿಸುವ ಅವಕಾಶ ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ‘ಮತ್ತೊಬ್ಬ’ ಅನ್ನೋದು ನಗು ತರಿಸಿದರೆ ನಗಬೇಕಾದ್ದು ರೈಟರನ್ನು ನೋಡಿ.

ಮೊನ್ನೆ ಮಕ್ಕಳ ಕಥಾಸ್ಪರ್ಧೆಗೆ ಬಂದ ಕಥೆಗಳನ್ನು ಓದಲು ಕೊಟ್ಟಿದ್ದರು. ಮಡಿಕೇರಿ, ಕುಶಾಲನಗರದ ಮಕ್ಕಳು. ಹೀರೋ ಎಲ್ಲರಿಗೂ ಆರ್ಯನ್, ಸ್ನೇಹಿತನಿಗೆ ಒಂದು ಪೆದ್ದು ಹೆಸರು. ನಡುವೆ ಒಂದು ಕಥೆಯಲ್ಲಿ ‘ರಿವರ್ಸ್ ಸುಬ್ಬಯ್ಯ’ ಸಿಕ್ಕಿದ. ಜೀಪಿನ ಮುಂದಿನ ಗೇರುಗಳೆಲ್ಲ ಕೈಕೊಟ್ಟಿದ್ದರಿಂದ ಘಟ್ಟದ ಏರಿನಲ್ಲಿ ಮನೆವರೆಗೂ ಹಿಂದಕ್ಕೇ ಓಡಿಸಿಕೊಂಡು ಬಂದವನು. ಅಂದಿನಿಂದ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಬರೆದವಳು ಎಂಟನೇ ಕ್ಲಾಸಿನ ಹುಡುಗಿ. ನಾನು ಮೊದಲ ಬಹುಮಾನಕ್ಕೆ ಹಟ ಹಿಡಿದೆ. ಉಳಿದಿಬ್ಬರು ತೀರ್ಪುಗಾರರು ‘ಕಥೆಯಲ್ಲಿ ಸಂದೇಶ ಇಲ್ಲ’ ಅಂದರು. ಎರಡನೆಯದು ಕೊಟ್ಟೆವು.