ಕಾಗೆಯ ತಪ್ಪೇನೂ ಇಲ್ಲ

ಹಾಸನಾಂಬ ದರ್ಶನದ ಕ್ಯೂನಲ್ಲಿ ನಿಂತಿದ್ದೆ. ಬ್ಯಾರಿಕೇಡ್ ಆಚೆಯಿಂದ ಯಾರೋ ಹೆಗಲು ತಟ್ಟಿದರು. ತಿರುಗಿ ನೋಡಿದರೆ ಹೈಸ್ಕೂಲ್ ಗೆಳತಿ. ಇಪ್ಪತ್ತು ವರ್ಷವೇ ಆಗಿತ್ತು ಅವಳನ್ನು ನೋಡಿ. "ಎಂಥಾ ಕೋ ಇನ್ಸಿಡೆಂಟ್ ಮಾರಾಯ್ತಿ!" ಅಂದಳು. ಇಬ್ಬರೂ ಕೈ ಹಿಡಿದುಕೊಂಡು ಕುಣಿದಾಡಿದ್ದೇ.

ಕ್ಯೂ ಒಂದಿಂಚೂ ಮುಂದೆ ಹೋಗುತ್ತಿರಲಿಲ್ಲ. ಯೋಚನೆ ಮಾಡೋಕೆ ಬೇಕಾದಷ್ಟು ಟೈಮ್ ಇತ್ತು. ಅದು ಕೋ ಇನ್ಸಿಡೆಂಟ್ ಅಲ್ಲ, ಕೋಇನ್ಸಿಡೆನ್ಸ್. ಇರಲಿ, ಹಾಸನದಲ್ಲಿ ಅರ್ಧ ಜನ ಹಾಗೇ ಅನ್ನುತ್ತಾರೆ, ಅರ್ಥವಾದರೆ ಸಾಕು. ನನ್ನ ತಲೆಗೆ ಹೊಕ್ಕಿದ್ದು ಬೇರೆ ಹುಳ. ಇದು ನಿಜವಾಗಲೂ ಕೋಇನ್ಸಿಡೆನ್ಸಾ? ಆ ಬಾಗಿಲು ತೆಗೆಯುವುದು ವರ್ಷಕ್ಕೆ ಒಂದೇ ಸಲ. ಆಶ್ವಯುಜ ಹುಣ್ಣಿಮೆ ಆದ ಮೇಲಿನ ಮೊದಲ ಗುರುವಾರ ತೆಗೆದರೆ, ಬಲಿಪಾಡ್ಯಮಿ ಕಳೆದ ಮೇಲೆ ಹಾಕಿಬಿಡುತ್ತಾರೆ. ಹಾಸನದವರು ಯಾವ ಮೂಲೆಯಲ್ಲಿದ್ದರೂ ಆ ಕೆಲವು ದಿನ ಊರಿಗೆ ಬರುತ್ತಾರೆ. ಅಲ್ಲಿ ಹಳೇ ಗೆಳತಿ ಸಿಗದೇ ಹೋಗಿದ್ದರೆ ಅದು ಆಶ್ಚರ್ಯ!

ನಮ್ಮ ಕ್ಲಾಸಿನಲ್ಲಿ ಒಂಬತ್ತು ಜನರ ಹುಟ್ಟಿದ ದಿನ ಜೂನ್ 1. ಆಗ ಅದೂ ನಮಗೆ ದೊಡ್ಡ ವಿಚಿತ್ರ. ಸ್ಕೂಲಿಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರೇ ಜೂನ್ 1 ಬರೆದುಕೊಳ್ಳುತ್ತಿದ್ದರು ಅನ್ನುವುದು ಆಮೇಲೆ ತಿಳಿಯಿತು. ಮೇಷ್ಟ್ರು ಇಲ್ಲದೇ ಹೋದರೂ ಒಂದು ರೂಮಿನಲ್ಲಿ 23 ಜನ ಇದ್ದರೆ, ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಲೆಕ್ಕ ಹಾಕಿದರೆ ಬರುತ್ತದೆ, ನಂಬೋಕೆ ಮಾತ್ರ ಕಷ್ಟ.

ಇಂಗ್ಲಿಷಿನಲ್ಲಿ ಇಂಥ ಸಂದರ್ಭಕ್ಕೆ ಪದಗಳು ರಾಶಿ ಇವೆ. ನಾವು ಅವನ್ನೆಲ್ಲ ಎರವಲು ತಂದು, ನಮಗೆ ಬೇಕಾದ ಹಾಗೆ ಬಳಸಿಕೊಂಡೆವು. ಚಾನ್ಸ್ ಅಂದರೆ ನಮಗೆ ಅವಕಾಶ. "ಒಂದು ಚಾನ್ಸ್ ಕೊಡಿ ಸಾರ್." ಇಲ್ಲಾ ಅಂದರೆ "ಚಾನ್ಸೇ ಇಲ್ಲ". ಆಕ್ಸಿಡೆಂಟ್ ಅಂದರೆ ಗಾಡಿ ಗುದ್ದಿದ್ದು, ಬೇರೆ ಅರ್ಥವೇ ಇಲ್ಲ. ಬೆಂಗಳೂರು ಸೇರಿದ ನನ್ನ ತಮ್ಮನಿಗೆ ಇದು ಮರೆತುಹೋಗಿತ್ತು. ಅಮ್ಮನಿಗೆ ಫೋನ್ ಮಾಡಿ, "ಅಮ್ಮಾ, ಚಾರ್ಮಾಡಿ ಹತ್ತಿ ಬರ್ತಾ ಇದ್ದೆ, ಆಕ್ಸಿಡೆಂಟಲಿ ಮಾವ ಸಿಕ್ಕಿದ್ರು" ಅಂದ. ಅಮ್ಮನಿಗೆ ಕೇಳಿಸಿದ್ದು ಮೂರೇ. ಚಾರ್ಮಾಡಿ, ಆಕ್ಸಿಡೆಂಟ್, ಮಾವ. ಕಾಯಿ ತುರಿಯುತ್ತಿದ್ದವರು ಹಾಗೇ ತುರಿಮಣೆ ಮೇಲೆ ಕೂತುಬಿಟ್ಟರು. "ಎಷ್ಟು ಪೆಟ್ಟಾಗಿದೆಯೋ?" ಅಂದರು. ಮಾವ ಆ ಹೊತ್ತಿಗೆ ಕೊಟ್ಟಿಗೆಹಾರದಲ್ಲಿ ಎರಡನೇ ಪ್ಲೇಟ್ ನೀರುದೋಸೆ ತಿನ್ನುತ್ತಿದ್ದರು.

ಆದರೆ ಈ ಪದಗಳ ಬೇರು ಹುಡುಕಿದಾಗ ನನಗೆ ಖುಷಿಯಾಗಿದ್ದು ಬೇರೆ ಕಾರಣಕ್ಕೆ. ಚಾನ್ಸ್, ಆಕ್ಸಿಡೆಂಟ್, ಕೋಇನ್ಸಿಡೆನ್ಸ್, ಕೊನೆಗೆ ನಾವು ಕ್ಯಾಶುಯಲ್ ಲೀವ್ ಅನ್ನುತ್ತೇವಲ್ಲ, ಆ ಕ್ಯಾಶುಯಲ್ ಕೂಡ, ಎಲ್ಲ ಒಂದೇ ತಾಯಿಯ ಮಕ್ಕಳು. ಲ್ಯಾಟಿನ್‌ನ ಕಾದೆರೆ ಅನ್ನುವ ಕ್ರಿಯಾಪದ. ಅರ್ಥ, ಬೀಳು. ಎರಡು ಸಂಗತಿ ಒಟ್ಟಿಗೆ ಬಂದು ಬಿದ್ದರೆ ಕೋಇನ್ಸಿಡೆನ್ಸ್.

ನಮ್ಮ ಕಾಕತಾಳೀಯವೂ ಅದೇ ಅಲ್ವಾ? ತಾಳೆ ಮರದ ಮೇಲೆ ಕಾಗೆ ಕೂತಿತು, ಅದೇ ಗಳಿಗೆಗೆ ಹಣ್ಣು ಬಿತ್ತು. ಕೆಲವರ ಕತೆಯಲ್ಲಿ ಹಣ್ಣು ಕಾಗೆಯ ತಲೆ ಮೇಲೇ ಬಿದ್ದು ಪಾಪ ಅದು ಸಾಯುತ್ತದೆ. ಊರಲ್ಲಿ ಇದನ್ನೇ ಹಣ್ಣು ಬಿಟ್ಟು ಹೇಳುತ್ತಾರೆ: ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು. ಎಲ್ಲಿಯ ರೋಮ್, ಎಲ್ಲಿಯ ತಾಳೆ ಮರ, ಎರಡು ಕಡೆಯೂ ಏನೋ ಒಂದು ಬೀಳಲೇಬೇಕು. ಇದನ್ನೂ ಕೋಇನ್ಸಿಡೆನ್ಸ್ ಅನ್ನಬಹುದೇನೋ.

ಸಂಸ್ಕೃತದವರು ಇನ್ನೊಂದು ಪದ ಇಟ್ಟಿದ್ದಾರೆ, ಘುಣಾಕ್ಷರ. ಮರ ಕೊರೆಯುವ ಹುಳ ತಿನ್ನುತ್ತಾ ಹೋದ ದಾರಿ ಅಕ್ಷರದ ಹಾಗೆ ಕಾಣುವುದು. ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಕಿತ್ತು, ಕಾಂಡ ಸೀಳಿ ನೋಡಿ. ಒಳಗೆ ಹಿಟ್ಟು ತುಂಬಿದ ಸುರಂಗ. ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಒಂದು ಸಲ ಅಪ್ಪ ಕತ್ತಿಯಲ್ಲಿ ಸೀಳಿದ ಕಾಂಡದೊಳಗೆ ಸ್ಪಷ್ಟವಾಗಿ ಠ ಇತ್ತು. ಪಕ್ಕದಲ್ಲೇ ಅರ್ಧ ರ. ಹುಳ ದುಂಡಗೆ ಕೊರೆಯುತ್ತದೆ, ನಮ್ಮ ಅಕ್ಷರ ದುಂಡಗಿವೆ, ಕನ್ನಡ ಅದಕ್ಕೆ ಸುಲಭ. ಇಂಗ್ಲಿಷಿನ ದೊಡ್ಡಕ್ಷರ ಬರೆಯೋಕೆ ಹುಳಕ್ಕೂ ಕಷ್ಟ. ಅಪ್ಪ ಮಾತ್ರ ನಗಲಿಲ್ಲ. ಕಾಂಡವನ್ನು ಒಯ್ದು ಬೆಂಕಿಗೆ ಹಾಕಿದರು.

ಇನ್ನು ಸೆರೆಂಡಿಪಿಟಿ, ಹುಡುಕದೇ ಇದ್ದ ಒಳ್ಳೆಯದೊಂದು ಅಚಾನಕ್ಕಾಗಿ ಸಿಗುವುದು. ಇದರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಪದದ ಮೇಲಲ್ಲ, ಬಳಸುವವರ ಮೇಲೆ. ಮೊನ್ನೆ ಇನ್‌ಸ್ಟಾಗ್ರಾಮಿನಲ್ಲಿ ಯಾರೋ ಮುಳ್ಳಯ್ಯನಗಿರಿಯ ಮಂಜಿನ ಫೋಟೋ ಹಾಕಿ ಕೆಳಗೆ ಸೆರೆಂಡಿಪಿಟಿ ಅಂತ ಬರೆದಿದ್ದರು. ಸ್ವಾಮಿ, ಅದು 1,930 ಮೀಟರ್ ಎತ್ತರದ ಬೆಟ್ಟ, ನೀವು ಹೋಗಿದ್ದು ಜುಲೈನಲ್ಲಿ. ಮಂಜು ಇಲ್ಲದೇ ಇನ್ನೇನಿರುತ್ತದೆ?

ಈ ಪದವನ್ನು ಟಂಕಿಸಿದವನು ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್. 1754ರ ಜನವರಿ 28ರಂದು ಹೊರೇಸ್ ಮನ್ ಅನ್ನುವ ಗೆಳೆಯನಿಗೆ ಬರೆದ ಕಾಗದದಲ್ಲಿ. ಇಬ್ಬರ ಹೆಸರೂ ಹೊರೇಸ್, ಸುಮ್ನೆ ಹೇಳಿದೆ. ಸೆರೆಂಡಿಪ್ ಅಂದರೆ ನಮ್ಮ ಪಕ್ಕದ ಶ್ರೀಲಂಕಾ. ಸಿಂಹಳದ್ವೀಪ ಅರಬ್ಬರ ಬಾಯಲ್ಲಿ ಸರಂದೀಬ್ ಆಗಿ, ಕೊನೆಗೆ ಸೆರೆಂಡಿಪ್ ಆಯಿತು. ಆ ದೇಶದ ಮೂವರು ರಾಜಕುಮಾರರ ಕತೆ ಪರ್ಷಿಯನ್ನರದು. ದಾರಿಯ ಒಂದು ಬದಿ ಹುಲ್ಲು ಚೆನ್ನಾಗಿದ್ದರೂ ಇನ್ನೊಂದು ಬದಿಯದನ್ನೇ ಮೇಯ್ದಿದೆ ಅಂದರೆ ಇಲ್ಲಿ ಹೋದ ಒಂಟೆಗೆ ಒಂದು ಕಣ್ಣಿಲ್ಲ, ಅಂತ ಅವರು ಊಹಿಸುತ್ತಾರೆ. ಅವರು ಒಂಟೆ ಹುಡುಕಿಕೊಂಡು ಹೊರಟವರಲ್ಲ. ವಾಲ್ಪೋಲ್ ಇಟ್ಟ ಷರತ್ತು ಎರಡು. ಹುಡುಕದೇ ಇದ್ದದ್ದು ಸಿಗಬೇಕು, ಸಿಕ್ಕಿದ್ದನ್ನು ಗುರುತಿಸುವ ಜಾಣತನವೂ ಇರಬೇಕು. ಜನ ಎರಡನೆಯದನ್ನು ಮರೆತೇಬಿಟ್ಟಿದ್ದಾರೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್‌ನ ಲ್ಯಾಬಿನ ತಟ್ಟೆಗೆ ಬೂಸ್ಟು ಬಿತ್ತು, ಸುತ್ತಲಿನ ಬ್ಯಾಕ್ಟೀರಿಯಾ ಸತ್ತಿದ್ದನ್ನು ಅವನು ಗಮನಿಸಿದ, ಪೆನ್ಸಿಲಿನ್ ಸಿಕ್ಕಿತು. ಮಲೆನಾಡಿನ ಮಳೆಗಾಲದಲ್ಲಿ ನಮ್ಮ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಸ್ಟೇ. ನಾವು ಒರೆಸಿ ಬಿಸಿಲಿಗಿಟ್ಟೆವು ಅಷ್ಟೇ.

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅನ್ನುತ್ತೇವಲ್ಲ, ಅದೂ ಸೆರೆಂಡಿಪಿಟಿ ಅಲ್ಲ. ಅಲ್ಲಿ ನೀವು ಹುಡುಕುತ್ತಿದ್ದದ್ದು ಬಳ್ಳಿಯನ್ನೇ.

ಫ್ಲೂಕ್ ಬಿಲಿಯರ್ಡ್ಸ್ ಮೇಜಿನಿಂದ ಬಂದ ಪದ. ಗುರಿ ಇಲ್ಲದೆ ಹೊಡೆದ ಏಟು ಸರಿಯಾಗಿ ಬಿದ್ದರೆ ಫ್ಲೂಕ್. ಇದನ್ನು ನಮ್ಮ ಬಗ್ಗೆ ನಾವೇ ಹೇಳಿಕೊಂಡರೆ ವಿನಯ, ಪಕ್ಕದ ಮನೆ ಹುಡುಗನ ಮಾರ್ಕ್ಸ್ ಬಗ್ಗೆ ಹೇಳಿದರೆ ಹೊಟ್ಟೆಕಿಚ್ಚು.

ಮಾತಾಡುತ್ತಿದ್ದವರು ಅದೇ ಗಳಿಗೆಗೆ ಬಾಗಿಲಲ್ಲಿ ಕಂಡರೆ ಇಂಗ್ಲಿಷಿನವರು ಸೈತಾನನ ಹೆಸರೆತ್ತುತ್ತಾರೆ. ನಾವು "ನಿಮಗೆ ನೂರು ವರ್ಷ ಆಯಸ್ಸು" ಅನ್ನುತ್ತೇವೆ. ಇಲ್ಲಿ ನಮ್ಮದೇ ಚೆಂದ. ಯೋಗ, ಋಣಾನುಬಂಧ, ದೇವರು ಬಂದ ಹಾಗೆ ಬಂದ್ರಿ. ಒಳ್ಳೆಯದು ನಡೆದಾಗ ನಮ್ಮ ಪದಗಳು ಬೆಚ್ಚಗಿವೆ. ಗೆಳತಿ ಸಿಕ್ಕಾಗ ನಾನು ಬ್ಯಾರಿಕೇಡ್ ಲೆಕ್ಕ ಹಾಕಬಾರದಿತ್ತು. ಋಣಾನುಬಂಧ ಅಂದಿದ್ದರೆ ಸಾಕಿತ್ತು.

ಕೆಟ್ಟದ್ದು ನಡೆದಾಗ ಮಾತ್ರ ಇದೇ ಬುದ್ಧಿ ವಿಷವಾಗುತ್ತದೆ. ಅದಕ್ಕೂ ಒಂದು ಕನ್ನಡ ಪದ ಇದೆ, ಕಾಲ್ಗುಣ.

ನಮ್ಮ ಚಿಕ್ಕಮ್ಮ ಮದುವೆಯಾಗಿ ನಮ್ಮ ಮನೆಗೆ ಬಂದದ್ದು ಮೇ ತಿಂಗಳಲ್ಲಿ. ಆ ವರ್ಷ ಮಳೆ ಜೋರು. ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಗೆ ಸೊರಗು ರೋಗ ಬಡಿಯಿತು. ಎಲೆ ಕಪ್ಪಾಗಿ ಉದುರಿತು, ಬಳ್ಳಿ ಬುಡದಲ್ಲೇ ಕೊಳೆತು ಜೋತುಬಿತ್ತು. ಸುಮಾರು ಅರ್ಧ ತೋಟದ ಮೆಣಸು ಹೋಯಿತು. ಅಜ್ಜಿ ಜೋರಾಗಿ ಏನೂ ಬೈಯಲಿಲ್ಲ. "ಕಾಲ್ಗುಣ ನೋಡಿ" ಅಂತ ಒಬ್ಬರ ಹತ್ತಿರ ಹೇಳಿದರು. ಅದು ನಾಲ್ಕೂರಿಗೆ ಮುಟ್ಟಿತು. ಚಿಕ್ಕಮ್ಮ ಮೂವತ್ತು ವರ್ಷ ಅದನ್ನು ಹೊತ್ತರು. ಆಮೇಲೆ ಮನೆಯಲ್ಲಿ ಹಾಲು ಒಡೆದರೂ ಜನ ಒಂದು ಸಲ ಅವರ ಕಡೆ ನೋಡುತ್ತಿದ್ದರು.

ಈಗ ಲೆಕ್ಕ ನೋಡಿ. ನಮ್ಮ ಕಡೆ ಮದುವೆಗಳೆಲ್ಲ ಮಳೆ ಹಿಡಿಯೋಕೆ ಮೊದಲೇ ಮುಗಿಯಬೇಕು, ಅಂದರೆ ಏಪ್ರಿಲ್, ಮೇ. ಜೂನ್‌ಗೆ ಮಳೆ. ಸೊರಗು ರೋಗ ತರುವ ಫೈಟಾಫ್ಥೊರಾ ಅನ್ನುವ ಸೂಕ್ಷ್ಮಜೀವಿಗೆ ನೀರು ನಿಂತ, ಬಸಿಯದ ಮಣ್ಣೇ ಹಬ್ಬ. ಹಾಗೆ ನೋಡಿದರೆ ಮಲೆನಾಡಿನ ಪ್ರತಿ ಸೊಸೆಯ ಹಿಂದೆಯೇ ಸೊರಗು ರೋಗ ಬರುತ್ತದೆ. ಇನ್ನೊಂದು ವಿಷಯ ಯಾರೂ ಹೇಳುತ್ತಿರಲಿಲ್ಲ. ಬಳ್ಳಿ ಜೋತುಬಿದ್ದಾಗ ಆಷಾಢ. ಹೊಸ ಸೊಸೆ ತವರಿಗೆ ಹೋಗಿದ್ದರು. ಆ ಕಾಲು ತೋಟದ ಆಸುಪಾಸಿನಲ್ಲೇ ಇರಲಿಲ್ಲ.

ಕಾಗೆ ಕೊಂಬೆ ಮೇಲೆ ಕೂತದ್ದಾದರೂ ನಿಜ. ಇಲ್ಲಿ ಕಾಗೆ ಮರದ ಮೇಲೇ ಇರಲಿಲ್ಲ.

ಕಾಕತಾಳೀಯ ಅನ್ನುವ ತಣ್ಣನೆಯ ಪದ ನನಗೆ ಇಷ್ಟವಾಗಿದ್ದು ಈ ಕಾರಣಕ್ಕೇ. ಅದರಲ್ಲಿ ಪ್ರೀತಿ ಇಲ್ಲ, ಆದರೆ ಆರೋಪವೂ ಇಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಮ್ಮನ ಹತ್ತಿರ ಇದನ್ನೆಲ್ಲ ಹೇಳಿದೆ, ಕ್ಯೂ ಕತೆಯಿಂದ ಲ್ಯಾಟಿನ್‌ವರೆಗೆ. ಅವರು ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಕತ್ತಿ ನಿಲ್ಲಿಸದೇ ಕೇಳಿದರು. ಎರಡು ಸಲ ಬಾಯಲ್ಲಿ ಹೇಳಿ ನೋಡಿದರು. "ಕೋ ಇನ್ಸಿಡೆಂಟ್. ಕೋ ಇನ್ಸಿಡೆಂಟ್."

ಆಮೇಲೆ ನಕ್ಕರು. "ಕನ್ನಡದಲ್ಲಿ ನಾನೂ ಹೇಳಿದ್ದೆ ಕಣೇ, ನನ್ನದೇನೂ ತಪ್ಪಿಲ್ಲ ಅಂತ. ಇಂಗ್ಲಿಷಿನಲ್ಲಿ ಹೇಳಿದ್ದರೆ ನಿಮ್ಮಜ್ಜಿ ಸುಮ್ನಾಗ್ತಿದ್ರೇನೋ."