ಕಟ್ಟಡಕ್ಕೆ ಸಿಗುವ ದುಡ್ಡು ರಾತ್ರಿ ಪಾಳಿಗೆ ಏಕಿಲ್ಲ?

ಕಳೆದ ಮಳೆಗಾಲದಲ್ಲಿ ನಮ್ಮ ಸೋದರತ್ತೆಗೆ ಇಲಿಜ್ವರ ಬಂದು, ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆರು ರಾತ್ರಿ ಅವರ ಜೊತೆಗಿದ್ದೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ, ಏಕೆಂದರೆ ಅಲ್ಲಿ ದುಡಿಯುವವರ ಮೇಲೆ ನನಗೆ ಸಿಟ್ಟಿಲ್ಲ. ಹೊಸ ಕಟ್ಟಡ. ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್, ಪ್ರತಿ ಮಂಚದ ತಲೆಯ ಬಳಿ ಆಮ್ಲಜನಕದ ಕೊಳವೆ. ಆದರೆ ರಾತ್ರಿ ಎಂಟರ ಮೇಲೆ ಎರಡು ವಾರ್ಡ್‌ಗಳಿಗೂ ಸೇರಿ ಒಬ್ಬರೇ ಸಿಸ್ಟರ್. ಗಂಡಸರ ವಾರ್ಡ್‌ನಲ್ಲಿ ಯಾರಿಗಾದರೂ ಉಬ್ಬಸ ಏರಿದರೆ ಈ ಕಡೆ ಮುಗಿದ ಗ್ಲೂಕೋಸ್ ಬಾಟಲಿ ಹಾಗೆಯೇ ತೂಗುತ್ತಿರುತ್ತಿತ್ತು. ಮೂರನೆಯ ರಾತ್ರಿಯ ಹೊತ್ತಿಗೆ ಅದನ್ನು ನಿಲ್ಲಿಸುವ ಪುಟ್ಟ ಚಕ್ರವನ್ನು ತಿರುಗಿಸಲು ನಾನೇ ಕಲಿತಿದ್ದೆ. ಕೆಳಗಿನ ಅಂತಸ್ತಿನಲ್ಲಿ ಸ್ಕ್ಯಾನಿಂಗ್ ಯಂತ್ರಕ್ಕೆ ಹೂವಿನ ಚಿತ್ತಾರದ ಬೆಡ್‌ಶೀಟ್ ಹೊದಿಸಿಟ್ಟಿದ್ದರು. ಸ್ಕ್ಯಾನ್ ಮಾಡುವ ವೈದ್ಯರು ವಾರಕ್ಕೆ ಎರಡು ದಿನ ಬರುತ್ತಾರಂತೆ.

ಇದನ್ನು ಭಾವನಿಗೆ ಹೇಳಿದೆ. "ನಮ್ಮೂರಿನಲ್ಲಿ ಆಸ್ಪತ್ರೆಗೇನು ಬರವೇ ಮಾರಾಯ? ಸರ್ಕಾರ ಯಾಕೆ ಇನ್ನೊಂದು ಕಟ್ಟಬೇಕು? ಕಾರ್ಡ್ ತೋರಿಸಿ ದೊಡ್ಡ ಆಸ್ಪತ್ರೆಗೆ ಸೇರಿಸುವುದಲ್ಲವೇ?" ಎಂದರು.

ಬರವಿಲ್ಲ, ನಿಜ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಶುರುವಾದಾಗಿನಿಂದ ಈ ಕರಾವಳಿ ಊರೂರಿನ ರೋಗಿಗಳನ್ನು ಬರಮಾಡಿಕೊಂಡಿದೆ. ಆ ಹೆಮ್ಮೆಯಲ್ಲಿಯೇ ನಾವು ಸರ್ಕಾರವನ್ನು ಕೇಳುವುದನ್ನು ಬಿಟ್ಟೆವು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಒಂದೇ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿಲ್ಲ. ಕಾರ್ಡಿನ ವಿಷಯಕ್ಕೆ ಬಂದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಉಳಿದವರಿಗೆ, ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇಕಡಾ 30 ಮಾತ್ರ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಹೀಗೆ ಚಿಕಿತ್ಸೆ ಕೊಡಬೇಕಾದ ಜಾಗ ಚೀಟಿ ಬರೆದುಕೊಡುವ ಕೌಂಟರ್ ಆಗುತ್ತಿದೆ. ಗದ್ದೆಗೆ ಇಳಿದು ಇಲಿಜ್ವರ ಹಿಡಿಸಿಕೊಂಡವರಿಗೆ, ಹಾವು ಕಡಿದವರಿಗೆ ಬೇಕಾದದ್ದು ಮನೆಗೆ ಹತ್ತಿರ ಒಂದು ಮಂಚ, ಅದರ ಪಕ್ಕದಲ್ಲಿ ಒಬ್ಬ ಮನುಷ್ಯ.

ಪಕ್ಕದವರ ಆಸ್ಪತ್ರೆಯನ್ನು ನಂಬಿ ಕುಳಿತರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಕೇರಳ ಗಡಿಯ ತಲಪಾಡಿಯಲ್ಲಿ ನೋಡಿದ್ದೇವೆ. ಕೊರೊನಾ ಲಾಕ್‌ಡೌನ್‌ನಲ್ಲಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಬರಲಾಗದೆ ಒದ್ದಾಡಿದರು. ದಾನಿಗಳನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಉಡುಪಿಯೇ ಸಾಕ್ಷಿ. ಹಾಜಿ ಅಬ್ದುಲ್ಲಾ ಸಾಹೇಬರು ದಾನವಾಗಿ ಕೊಟ್ಟ ಜಾಗದಲ್ಲಿದ್ದ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯನ್ನು ಸರ್ಕಾರ ಖಾಸಗಿ ಸಮೂಹಕ್ಕೆ ಒಪ್ಪಿಸಿತು. ಚಂದದ ಕಟ್ಟಡವೇನೋ ಎದ್ದಿತು. ಸಮೂಹದ ವ್ಯವಹಾರ ಕುಸಿದಾಗ ಸಿಬ್ಬಂದಿ ಸಂಬಳಕ್ಕಾಗಿ ಮುಷ್ಕರ ಹೂಡಬೇಕಾಯಿತು. ಕೊನೆಗೆ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಸಾಹೇಬರ ಔದಾರ್ಯ ದೊಡ್ಡದು, ಅದಕ್ಕೆ ನಮಸ್ಕಾರ. ಆದರೆ ತಿಂಗಳ ಸಂಬಳ ಯಾರ ಔದಾರ್ಯದಿಂದಲೂ ಬರಬಾರದು.

ಗಂಟು ಇರುವುದು ಇಲ್ಲಿಯೇ. ಕಟ್ಟಡದ ಖರ್ಚು ಒಮ್ಮೆ ಆಗಿ ಮುಗಿಯುತ್ತದೆ. ಅದಕ್ಕೆ ಹಲವು ಬಾಗಿಲುಗಳಿವೆ: ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯೆಂದು ಕೊಡುವ ಸಿಎಸ್‌ಆರ್ ಹಣ, ಸಂಸದರ ನಿಧಿ; 2025ರವರೆಗೆ ಸ್ಮಾರ್ಟ್ ಸಿಟಿ ಯೋಜನೆಯೂ ಇತ್ತು. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ತೈಲ ಕಂಪನಿ ಎಂಆರ್‌ಪಿಎಲ್ ಹಣ ಕೊಟ್ಟಿತು, ಒಳ್ಳೆಯದೇ. ಆದರೆ ಸಂಸದರ ನಿಧಿಯಿಂದ ಸಂಬಳ ಕೊಡುವಂತಿಲ್ಲ, ನಿಯಮವೇ ಹಾಗಿದೆ. ಕಂಪನಿಯೂ ಗೋಡೆ ಕಟ್ಟಿಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಹುದ್ದೆ ಮಂಜೂರು ಮಾಡಬೇಕಾದದ್ದು ರಾಜ್ಯ ಸರ್ಕಾರ, ಅದೂ ಪ್ರತಿ ವರ್ಷ ಹಣ ತೆಗೆದಿಟ್ಟು.

ಲೆಕ್ಕ ಕಷ್ಟದ್ದಲ್ಲ. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ಒಬ್ಬರು ದುಡಿಯುವುದು ಆರು ಪಾಳಿ. ಎಂದರೆ ಒಂದು ವಾರ್ಡ್‌ನಲ್ಲಿ ಹಗಲೂ ರಾತ್ರಿ ಒಬ್ಬ ಸಿಸ್ಟರ್ ಇರಬೇಕಾದರೆ ನಾಲ್ವರು ಬೇಕು. ರಜೆ, ಹೆರಿಗೆ ರಜೆ, ತರಬೇತಿ ಎಲ್ಲ ಸೇರಿದರೆ ಐವರು. ಹತ್ತು ವಾರ್ಡ್ ಕಟ್ಟಿದಿರಾ? ಐವತ್ತು ಹುದ್ದೆ ತೋರಿಸಿ. ಹೊರಗುತ್ತಿಗೆಯಲ್ಲಿ ತುಂಬಿಸುತ್ತೇವೆ ಎಂದರೆ ಅವರಿಗೆ ಎಷ್ಟು ತಿಂಗಳಿಗೊಮ್ಮೆ ಸಂಬಳ ಬರುತ್ತದೆ ಎಂದೂ ಹೇಳಿ.

2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇಕಡಾ 2.5ಕ್ಕೆ ಏರಿಸುತ್ತೇವೆ ಎಂದು ಬರೆದುಕೊಂಡಿದ್ದರು. ಆ ಗಡುವು ಬಂದಾಗ ನಮ್ಮ ಜನಪ್ರತಿನಿಧಿಗಳಲ್ಲಿ ಒಬ್ಬರಾದರೂ ಅದರ ಬಗ್ಗೆ ಬಾಯಿ ತೆರೆದದ್ದನ್ನು ನಾನು ಕೇಳಿಲ್ಲ. ಶಂಕುಸ್ಥಾಪನೆಗೆ ಮಾತ್ರ ಎಲ್ಲರೂ ಬರುತ್ತಾರೆ. ಅವರಲ್ಲಿ ನನ್ನದೊಂದು ಸಣ್ಣ ಕೋರಿಕೆ: ಆಸ್ಪತ್ರೆಯ ಶಿಲಾಫಲಕದಲ್ಲಿ ಅಂದಾಜು ಮೊತ್ತದ ಕೆಳಗೆ ಎಷ್ಟು ಸಿಸ್ಟರ್, ಎಷ್ಟು ತಂತ್ರಜ್ಞರು, ಎಷ್ಟು ವೈದ್ಯರ ಹುದ್ದೆ ಮಂಜೂರಾಗಿದೆ ಎಂದೂ ಕೆತ್ತಿಸಿ. ಕಲ್ಲಿನಲ್ಲಿ ಜಾಗ ಸಾಲದಿದ್ದರೆ ಗೌರವ ಉಪಸ್ಥಿತಿಯವರ ಹೆಸರುಗಳಲ್ಲಿ ನಾಲ್ಕನ್ನು ಬಿಡಬಹುದು.

ಅತ್ತೆ ಈಗ ಚೆನ್ನಾಗಿದ್ದಾರೆ. ಆ ಸಿಸ್ಟರ್ ಕುಂದಾಪುರದ ಕಡೆಯವರು, ಗುತ್ತಿಗೆಯ ಮೇಲೆ ಇದ್ದವರು. ಕಳೆದ ತಿಂಗಳು ಮರುತಪಾಸಣೆಗೆ ಹೋದಾಗ ಅವರನ್ನು ಹುಡುಕಿದೆವು. ಗಲ್ಫಿಗೆ ಹೋದರಂತೆ.